ಆಸ್ತಿ ಕೊಳ್ಳುವಾಗ, ಮಾರುವಾಗ ವಕೀಲರನ್ನು ಕೇಳಬೇಕಾದ ಪ್ರಶ್ನೆಗಳು

(ಸಂಸ್ಥೆಯ ವತಿಯಿಂದ ನಡೆದ ಕಾನೂನು ಅರಿವು ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಐನೂರು ರೂಪಾಯಿಯ ಚಪ್ಪಲಿ ಕೊಳ್ಳುವಾಗ ನಾವು ನಾಲ್ಕು ಅಂಗಡಿ ಸುತ್ತುತ್ತೇವೆ. ಆದರೆ ಇಪ್ಪತ್ತು ವರ್ಷ ದುಡಿದು ಕೂಡಿಟ್ಟ ಹಣದಲ್ಲಿ ನಿವೇಶನ ಕೊಳ್ಳುವಾಗ ದಲ್ಲಾಳಿಯ ಒಂದು ಮಾತಿಗೆ ತಲೆಯಾಡಿಸಿಬಿಡುತ್ತೇವೆ. ಆ ಹಣ ಮಗಳ ಕಾಲೇಜಿಗೆ, ಮಗನ ಉದ್ಯೋಗಕ್ಕೆ ಆಗಬೇಕಾದದ್ದು. ಅದು ವ್ಯಾಜ್ಯದಲ್ಲಿ ಸಿಕ್ಕಿಕೊಂಡರೆ ಮಕ್ಕಳ ಓದೂ ನ್ಯಾಯಾಲಯದ ಮೆಟ್ಟಿಲಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಜನರು ಸಾಮಾನ್ಯವಾಗಿ ಕೇಳುವ ಕೆಲವು ಪ್ರಶ್ನೆಗಳಿಗೆ ಸರಳವಾಗಿ ಉತ್ತರಿಸಲು ಪ್ರಯತ್ನಿಸುತ್ತೇನೆ.

ಮೊದಲನೆಯ ಪ್ರಶ್ನೆ: ವಕೀಲರು ಬೇಕೇ ಬೇಕೇ? ಪತ್ರ ಬರಹಗಾರರು ಸಾಲದೇ?

ವಕೀಲರಿಲ್ಲದೆ ನೋಂದಣಿ ಆಗದು ಎಂದು ಕಾನೂನು ಹೇಳುವುದಿಲ್ಲ. ಆದರೆ ಒಂದು ವಿಷಯ ತಿಳಿದಿರಲಿ. ಇಂಗ್ಲೆಂಡಿನಲ್ಲಿ ಆಸ್ತಿ ವರ್ಗಾವಣೆಯನ್ನೇ ವೃತ್ತಿಯಾಗಿಸಿಕೊಂಡ ಸಾಲಿಸಿಟರುಗಳಿದ್ದಾರೆ. ಅಲ್ಲಿ ನೋಂದಣಿಯಾದ ಹಕ್ಕಿಗೆ ಸರ್ಕಾರವೇ ಖಾತರಿ. ನಮ್ಮಲ್ಲಿ ಹಾಗಲ್ಲ. 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿ ದಾಖಲಿಸುವುದು ಪತ್ರವನ್ನು. ಮಾರುವವನಿಗೆ ನಿಜವಾದ ಹಕ್ಕಿದೆ ಎಂಬ ಭರವಸೆ ಅವರು ಕೊಡುವುದಿಲ್ಲ. ಆ ಹಕ್ಕನ್ನು ಪರಿಶೀಲಿಸುವ ಹೊಣೆ ಕೊಳ್ಳುವವನದು. ವಕೀಲರು ಮಾಡುವ ಮುಖ್ಯ ಕೆಲಸವೂ ಅದೇ. ಪತ್ರ ಬರೆಯುವುದು ಅದರ ನಂತರದ ಮಾತು.

ಬ್ಯಾಂಕ್ ಸಾಲ ಮಂಜೂರು ಮಾಡಿದೆಯಲ್ಲ, ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ?

ಅವರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆಯಿದೆಯೇ ಎಂದು. ತಮ್ಮ ಕಕ್ಷಿದಾರ ಬ್ಯಾಂಕು, ತಾವಲ್ಲ. ಹಾಗೆಯೇ ಕೊಳ್ಳುವವರಿಗೂ ಮಾರುವವರಿಗೂ ಒಬ್ಬರೇ ವಕೀಲರಿರುವುದು ಕ್ಷೇಮವಲ್ಲ. ಖರ್ಚು ಉಳಿಯಬಹುದು, ಆದರೆ ಇಬ್ಬರ ಹಿತವೂ ಬೇರೆಯಾದಾಗ ಅವರು ಯಾರ ಪರ ಮಾತಾಡಬೇಕು?

ವಕೀಲರ ಮುಂದೆ ಯಾವ ಕಾಗದಗಳನ್ನು ಇಡಬೇಕು?

ಮೂಲಪತ್ರದಿಂದ ಹಿಡಿದು ಇಂದಿನ ಮಾಲೀಕನವರೆಗೆ ಹಕ್ಕು ಕೈಯಿಂದ ಕೈಗೆ ಬಂದ ಎಲ್ಲ ಪತ್ರಗಳು, ರೂಢಿಯಂತೆ ಮೂವತ್ತು ವರ್ಷಗಳಿಗೆ, ಅಷ್ಟೇ ಅವಧಿಯ ಋಣಭಾರ ಪ್ರಮಾಣಪತ್ರ, ಖಾತೆ ಮತ್ತು ತೆರಿಗೆ ರಸೀದಿ, ಕೃಷಿ ಜಮೀನಾಗಿದ್ದರೆ ಪಹಣಿ, ಮ್ಯುಟೇಶನ್, ಭೂಪರಿವರ್ತನೆ ಆದೇಶ, ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷ. ಸರ್ಕಾರ ಮಂಜೂರು ಮಾಡಿದ ಭೂಮಿಯಾದರೆ ಮಂಜೂರಾತಿಯ ಷರತ್ತುಗಳನ್ನು ಓದಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕರ್ನಾಟಕ ಕಾಯ್ದೆಯ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. ವಕ್ಫ್ ಆಸ್ತಿಯನ್ನು ಯಾವ ಮುತವಲ್ಲಿಯೂ ಮಾರುವಂತಿಲ್ಲ; ಮಸೀದಿ, ದರ್ಗಾ ಪಕ್ಕದ ಜಾಗವಾದರೆ ವಕ್ಫ್ ಪಟ್ಟಿಯನ್ನೂ ನೋಡಿಸಿ.

ಋಣಭಾರ ಪ್ರಮಾಣಪತ್ರದಲ್ಲಿ ಏನೂ ಇಲ್ಲವೆಂದರೆ ನಿಶ್ಚಿಂತೆಯೇ?

ಇಲ್ಲ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮಾಲೀಕ ತೀರಿಕೊಂಡು ಆಸ್ತಿ ವಾರಸುದಾರರಿಗೆ ಬಂದದ್ದು ಅದರಲ್ಲಿರುವುದಿಲ್ಲ. ಬಾಯಿಮಾತಿನ ದಾನ ಇರುವುದಿಲ್ಲ. ನ್ಯಾಯಾಲಯದಲ್ಲಿರುವ ದಾವೆಯೂ ಸಾಮಾನ್ಯವಾಗಿ ಕಾಣುವುದಿಲ್ಲ. ದಾವೆ ನಡೆಯುತ್ತಿರುವಾಗ ಕೊಂಡವನು ಅದರ ತೀರ್ಪಿಗೆ ಬದ್ಧ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಮೂಲಪತ್ರಗಳನ್ನು ಒತ್ತೆಯಿಟ್ಟು ಸಾಲ ಪಡೆದಿರಲೂಬಹುದು. ಆದ್ದರಿಂದ ಜೆರಾಕ್ಸ್ ಪ್ರತಿ ನೋಡಿ ಒಪ್ಪಬೇಡಿ, ಅಸಲು ಕೇಳಿ.

ಖಾತೆ ನಮ್ಮ ಹೆಸರಿಗಾದರೆ ಆಸ್ತಿ ನಮ್ಮದಾಯಿತಲ್ಲವೇ?

ಖಾತೆ ಎಂದರೆ ತೆರಿಗೆ ಕಟ್ಟುವವರ ಹೆಸರು. 2024ರ ಅಕ್ಟೋಬರಿನಿಂದ ನಗರಾಸ್ತಿಯ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಆದರೂ ಅದು ಹಕ್ಕುಪತ್ರವಲ್ಲ. ನೂರು ರೂಪಾಯಿ ಅಥವಾ ಹೆಚ್ಚಿನ ಬೆಲೆಯ ಸ್ಥಿರಾಸ್ತಿಯ ಹಕ್ಕು ಕ್ರಯದಿಂದ ವರ್ಗವಾಗುವುದು ನೋಂದಾಯಿತ ಕ್ರಯಪತ್ರದಿಂದ ಮಾತ್ರ. ಇಲ್ಲಿ ಇನ್ನೊಂದು ಎಚ್ಚರಿಕೆ: ಜನರಲ್ ಪವರ್ ಆಫ್ ಅಟಾರ್ನಿ, ಕರಾರು, ವಿಲ್ ಮೂರನ್ನೂ ಬರೆಸಿಕೊಂಡು ‘ಕ್ರಯ ಆಯಿತು’ ಎನ್ನುವವರಿದ್ದಾರೆ. ಇವುಗಳಿಂದ ಮಾಲೀಕತ್ವ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನು ನಮ್ಮ ಮನೆಗಳಲ್ಲಿ ಹೆಚ್ಚು ಜಗಳ ತರುವ ವಿಷಯಕ್ಕೆ ಬರುತ್ತೇನೆ. ತಂದೆಯ ಆಸ್ತಿಯನ್ನು ಅಣ್ಣನೊಬ್ಬನೇ ಮಾರಬಹುದೇ?

ತನ್ನ ಭಾಗವನ್ನು ಮಾತ್ರ ಮಾರಬಹುದು. ಮುಸ್ಲಿಂ ಕಾನೂನಿನಲ್ಲಿ ಮಾಲೀಕ ಕಣ್ಣು ಮುಚ್ಚಿದ ಕ್ಷಣದಲ್ಲೇ ಪ್ರತಿಯೊಬ್ಬ ವಾರಸುದಾರನ ಪಾಲು ನಿಶ್ಚಿತವಾಗುತ್ತದೆ. ಒಬ್ಬರು ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡರು, ತಂದೆ ತಾಯಿ ಮೊದಲೇ ಇಲ್ಲ, ಸಾಲ ಮತ್ತು ವಸೀಯತ್ತು ಇಲ್ಲವೆಂದು ಇಟ್ಟುಕೊಳ್ಳಿ. ಆಸ್ತಿಯನ್ನು 32 ಪಾಲು ಮಾಡಿದರೆ ಹೆಂಡತಿಗೆ 4, ಮಗನಿಗೆ 14, ಹೆಣ್ಣುಮಕ್ಕಳಿಗೆ ತಲಾ 7. ಮದುವೆಯಾಗಿ ಹೋದಳೆಂದು ಮಗಳ ಪಾಲು ಹೋಗುವುದಿಲ್ಲ. ‘ತಂಗಿಯರು ಏನೂ ಕೇಳುವುದಿಲ್ಲ’ ಎಂಬ ಮಾತನ್ನು ನಂಬಿ ಕೊಂಡವನು ಆಸ್ತಿಯ ಜೊತೆ ದಾವೆಯನ್ನೂ ಕೊಂಡಂತೆ. ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಇರಬೇಕು. ಆ ಸಹಿ ಹಾಕುವ ಮೊದಲು ಸಹೋದರಿಗೆ ತನ್ನ ಪಾಲೆಷ್ಟು, ಅದರ ಬೆಲೆಯೆಷ್ಟು ಎಂದು ತಿಳಿದಿರಬೇಕು. ತಿಳಿಸದೆ ಬಿಡಿಸಿಕೊಳ್ಳುವುದು ನ್ಯಾಯವಲ್ಲ.

ಗಂಡ ತೀರಿಕೊಂಡ ತಾಯಿ ಸಣ್ಣ ಮಕ್ಕಳ ಪಾಲನ್ನು ಸೇರಿಸಿ ಮಾರಬಹುದೇ?

ಇದು ಬಹಳ ಜನರಿಗೆ ಗೊತ್ತಿಲ್ಲ. ಮಕ್ಕಳನ್ನು ಸಾಕುವ ಹಕ್ಕು ತಾಯಿಗಿದ್ದರೂ, ಮುಸ್ಲಿಂ ಕಾನೂನಿನಂತೆ ಅವರ ಆಸ್ತಿಗೆ ಆಕೆ ತಾನಾಗಿಯೇ ಪಾಲಕಳಾಗುವುದಿಲ್ಲ. 1918ರ ಇಮಾಂಬಂದಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೀಗೆ ತೀರ್ಮಾನಿಸಿತು. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಂತೆ ನ್ಯಾಯಾಲಯದಿಂದ ನೇಮಕಗೊಂಡು, ಮಾರಾಟಕ್ಕೆ ಅನುಮತಿ ಪಡೆಯಬೇಕು. ಹಾಗೆ ಮಾಡದೆ ಮಾರಿದರೆ ಮಕ್ಕಳು ದೊಡ್ಡವರಾದ ಮೇಲೆ ತಮ್ಮ ಪಾಲು ಕೇಳಬಹುದು. ಕೊಂಡವನೂ ಕೆಟ್ಟ, ಕಷ್ಟಕಾಲದಲ್ಲಿ ಮಾರಿದ ಆ ತಾಯಿಯೂ ಮುದಿವಯಸ್ಸಿನಲ್ಲಿ ಕಟಕಟೆ ಹತ್ತಿದಳು.

ಹಿಬಾ ಬಾಯಿಮಾತಿನಲ್ಲಿ ಆದರೆ ಸಾಕೇ?

ದಾನದ ಘೋಷಣೆ, ಪಡೆಯುವವರ ಸ್ವೀಕಾರ, ಸ್ವಾಧೀನ ಕೊಡುವುದು, ಈ ಮೂರೂ ಇದ್ದರೆ ಹಿಬಾ ಸಿಂಧು. ನೋಂದಣಿ ಇಲ್ಲದ ಮಾತ್ರಕ್ಕೆ ಅದು ಬಿದ್ದುಹೋಗದೆಂದು ಹಫೀಜಾ ಬೀಬಿ ಪ್ರಕರಣದಲ್ಲಿ 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಆದರೆ ಸಾಕ್ಷಿಗಳು ಸತ್ತ ಮೇಲೆ ಬಾಯಿಮಾತನ್ನು ಸಾಬೀತು ಮಾಡುವವರು ಯಾರು? ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರಕ್ಕಿಂತ ತೀರಾ ಕಡಿಮೆ. ನೋಂದಣಿ ಮಾಡಿಸುವುದೇ ಜಾಣತನ.

ಕೊಲ್ಲಿ ರಾಷ್ಟ್ರದಲ್ಲಿರುವವರು ಊರಿಗೆ ಬಾರದೆ ಮಾರಬಹುದೇ?

ಮಾರಬಹುದು. ಅಧಿಕಾರ ಪತ್ರವನ್ನು ಅಲ್ಲಿನ ಭಾರತೀಯ ಕಾನ್ಸುಲರ್ ಅಧಿಕಾರಿ ಅಥವಾ ನೋಟರಿಯ ಮುಂದೆ ಬರೆದು ದೃಢೀಕರಿಸಬೇಕು. ರಾಜ್ಯಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬರೆದುಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಅಧಿಕಾರವೂ ಮುಗಿಯಿತು. ಆದ್ದರಿಂದ ಕೊಳ್ಳುವವರು ನೋಂದಣಿಗೆ ಮುನ್ನ ಆ ವ್ಯಕ್ತಿಯೊಡನೆ ಒಮ್ಮೆ ನೇರವಾಗಿ ಮಾತಾಡಲಿ.

ಖರ್ಚು ಎಷ್ಟು?

ಕ್ರಯಪತ್ರದ ಮುದ್ರಾಂಕ ಶುಲ್ಕ 45 ಲಕ್ಷ ಮೀರಿದ ಆಸ್ತಿಗೆ ಶೇಕಡಾ 5. ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 1ರ ಬದಲು 2 ಆಗಿದೆ. ಅಂದರೆ 50 ಲಕ್ಷದ ಮನೆಗೆ ಸುಮಾರು 3 ಲಕ್ಷ 80 ಸಾವಿರ. ಬೇರೆ ಒಪ್ಪಂದವಿಲ್ಲದಿದ್ದರೆ ಇದು ಕೊಳ್ಳುವವರ ಹೊಣೆ. 50 ಲಕ್ಷ ಅಥವಾ ಮೇಲ್ಪಟ್ಟ ವ್ಯವಹಾರದಲ್ಲಿ ಶೇಕಡಾ 1 ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಮಾರುವವರು ಅನಿವಾಸಿಯಾದರೆ ಲೆಕ್ಕ ಬೇರೆ, ಮೊದಲೇ ವಿಚಾರಿಸಿ. ಮುಂಗಡವಾಗಲೀ ಬಾಕಿಯಾಗಲೀ 20,000 ರೂಪಾಯಿ ಮುಟ್ಟಿದರೆ ನಗದಾಗಿ ಪಡೆಯುವಂತಿಲ್ಲ. ವಕೀಲರ ಶುಲ್ಕಕ್ಕೆ ಒಂದೇ ದರವಿಲ್ಲ. ಪರಿಶೀಲನೆಗೆಷ್ಟು, ಕರಾರಿಗೆಷ್ಟು, ಕ್ರಯಪತ್ರಕ್ಕೆಷ್ಟು ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ. ಅವರ ಅಭಿಪ್ರಾಯವನ್ನೂ ಲಿಖಿತವಾಗಿಯೇ ಪಡೆಯಿರಿ.

ಮಾರುವವರಿಗೂ ವಕೀಲರು ಬೇಕೇ?

ಬೇಕು. ತಮಗೆ ತಿಳಿದಿರುವ, ಕೊಳ್ಳುವವನಿಗೆ ಸುಲಭವಾಗಿ ಕಾಣದ ಹಕ್ಕಿನ ದೋಷವನ್ನು ಮುಚ್ಚಿಡುವುದು ಕಾನೂನಿನ ಕಣ್ಣಲ್ಲಿ ವಂಚನೆ. ಸಾಲ ತೀರಿಸಿದ ಪತ್ರ ಪಡೆಯುವುದು, ಪೂರ್ಣ ಹಣ ಖಾತೆಗೆ ಬಂದದ್ದನ್ನು ನೋಡಿ ಸಹಿ ಹಾಕುವುದು, ಬಂಡವಾಳ ಲಾಭದ ತೆರಿಗೆ ಲೆಕ್ಕ ಹಾಕುವುದು, ಇವೆಲ್ಲ ಮಾರುವವರ ಕ್ಷೇಮಕ್ಕೇ.

ಸಹೋದರರೇ, ಕರಾರಿಗೆ ಮುಂಗಡ ಕೊಡುವ ಮೊದಲೇ ವಕೀಲರ ಬಳಿ ಹೋಗಿ. ಕೊಟ್ಟ ಮೇಲೆ ಬಂದರೆ ಅವರ ಕೈಯಲ್ಲಿ ಉಳಿಯುವುದು ದಾವೆಯೊಂದೇ. ಇಲ್ಲಿರುವ ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು: ಇಂದು ಮನೆಗೆ ಹೋಗಿ ತಮ್ಮ ಮನೆಯ ಪತ್ರ ಯಾರ ಹೆಸರಿನಲ್ಲಿದೆ ಎಂದು ಓದಿ ನೋಡಿ. ಅದು ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ, ಹಿರಿಯರು ನಮ್ಮೊಡನೆ ಇರುವಾಗಲೇ, ಮನಸ್ಸುಗಳು ಒಂದಾಗಿರುವಾಗಲೇ ಸರಿಪಡಿಸಿಕೊಳ್ಳಿ.