ಪೊಟ್ಟಣದ ಮೇಲೆ ಬರೆಯದ ಲೆಕ್ಕ

(ನಿಡುಗಲ್ ಸೀಮೆಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಪಾವಗಡದ ಬಸ್ ನಿಲ್ದಾಣದಲ್ಲಾಗಲಿ, ಮಧುಗಿರಿಯ ಜಾತ್ರೆಯಲ್ಲಾಗಲಿ ಮಗುವೊಂದು ಹಟ ಹಿಡಿದರೆ ತಾಯಿ ಕೊಡಿಸುವುದು ಒಂದು ಚಾಕೊಲೇಟ್. ಅದರ ಹೊದಿಕೆಯ ಮೇಲೆ ಬೆಲೆ, ತೂಕ, ತಯಾರಾದ ತಿಂಗಳು ಎಲ್ಲವೂ ಮುದ್ರಿತವಾಗಿರುತ್ತವೆ. ಕೋಕೋ ಕಾಯನ್ನು ಕತ್ತಿಯಿಂದ ಸೀಳಿದವರ ವಯಸ್ಸು ಮಾತ್ರ ಅಲ್ಲಿ ಇರುವುದಿಲ್ಲ.

ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳದು. ಅಲ್ಲಿನ ತೋಟಗಳಲ್ಲಿ ಮಕ್ಕಳ ದುಡಿಮೆ ಬಯಲಾದಾಗ, 2001ರಲ್ಲಿ ಚಾಕೊಲೇಟ್ ಉದ್ಯಮವು ಹಾರ್ಕಿನ್–ಎಂಗೆಲ್ ಒಪ್ಪಂದಕ್ಕೆ ಸಹಿ ಹಾಕಿತು. ದುಡಿಮೆಯ ಅತಿ ಕೆಟ್ಟ ರೂಪಗಳನ್ನು 2005ರೊಳಗೆ ತೊಡೆದುಹಾಕುವ ವಚನವದು. ಗಡುವು 2008ಕ್ಕೆ ಜಾರಿತು, 2010ಕ್ಕೆ ಜಾರಿತು. ಕೊನೆಗೆ 2020ರೊಳಗೆ ಶೇಕಡಾ 70ರಷ್ಟು ಇಳಿಸಿದರೆ ಸಾಕೆಂದು ಗುರಿಯನ್ನೇ ತಗ್ಗಿಸಲಾಯಿತು. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2018–19ರ ಹಂಗಾಮಿನಲ್ಲಿ ಆ ಎರಡು ದೇಶಗಳ ಕೋಕೋ ಕೃಷಿಯಲ್ಲಿ ದುಡಿಯುತ್ತಿದ್ದ ಮಕ್ಕಳು ಸುಮಾರು 15.6 ಲಕ್ಷ.

ನೆರೆಯ ಮಾಲಿ ದೇಶದಿಂದ ಬಾಲ್ಯದಲ್ಲೇ ಸಾಗಿಸಲ್ಪಟ್ಟು ಆ ತೋಟಗಳಲ್ಲಿ ದುಡಿದವರು ಅಮೆರಿಕದಲ್ಲಿ ನೆಸ್ಲೆ ಮತ್ತು ಕಾರ್ಗಿಲ್ ಕಂಪನಿಗಳ ಮೇಲೆ ದಾವೆ ಹೂಡಿದ್ದರು. 2021ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಂಪನಿಗಳ ಪರವಾಗಿ ತೀರ್ಪಿತ್ತಿತು. ಹಾನಿಯು ಹೊರದೇಶದಲ್ಲಿ ನಡೆದಿದೆ, ಅಮೆರಿಕದಲ್ಲಿ ಕೈಗೊಂಡ ಸಾಮಾನ್ಯ ವ್ಯಾಪಾರದ ನಿರ್ಧಾರಗಳಷ್ಟೇ ಈ ದಾವೆಗೆ ಸಾಲವು ಎಂಬುದು ಅದರ ಸಾರ. ತೋಟ ಒಂದು ದೇಶದಲ್ಲಿ, ಲಾಭ ಮತ್ತೊಂದು ದೇಶದಲ್ಲಿ; ಹೊಣೆ ಎಲ್ಲಿಯೂ ಇಲ್ಲ.

ಇದು ಕಡಲಾಚೆಯ ಕಥೆಯೆಂದು ಸುಮ್ಮನಿರುವಂತಿಲ್ಲ. ಪಾವಗಡದ ಗಡಿ ದಾಟಿದರೆ ಆಂಧ್ರ ಪ್ರದೇಶ. ಆ ರಾಜ್ಯದ ಕರ್ನೂಲು ಹಾಗೂ ಅಂದು ಅದೇ ರಾಜ್ಯಕ್ಕೆ ಸೇರಿದ್ದ ಮಹಬೂಬ್‌ನಗರದ ಹತ್ತಿ ಬೀಜದ ಹೊಲಗಳಲ್ಲಿ ಇದೇ ಕಥೆ ನಡೆದಿದೆ. ಕರ್ನಾಟಕದ ಹೊಲಗಳೂ ಇದಕ್ಕೆ ಹೊರತಲ್ಲ.

ಹೈಬ್ರಿಡ್ ಹತ್ತಿಯು ಕನ್ನಡ ನಾಡಿಗೆ ಹೆಮ್ಮೆ ತಂದ ಬೆಳೆ. 1972ರಲ್ಲಿ ಧಾರವಾಡದಲ್ಲಿ ವಿಜ್ಞಾನಿ ಬಿ.ಎಚ್. ಕಾತರಕಿಯವರು ರೂಪಿಸಿದ ವರಲಕ್ಷ್ಮಿ ತಳಿಯು ದೇಶದ ಹತ್ತಿ ಕೃಷಿಯ ದಿಕ್ಕನ್ನೇ ಬದಲಿಸಿತು. ಆದರೆ ಹೈಬ್ರಿಡ್ ಬೀಜವನ್ನು ಯಂತ್ರ ಮಾಡಿಕೊಡುವುದಿಲ್ಲ. ಹತ್ತಿಯ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗಗಳಿರುತ್ತವೆ. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ದಿನವೇ ಬಿಡಿಸಿ ಗಂಡು ಕೇಸರಗಳನ್ನು ಉಗುರಿನಿಂದ ತೆಗೆಯಬೇಕು. ಬೆಳಿಗ್ಗೆ ಮತ್ತೊಂದು ತಳಿಯ ಹೂವನ್ನು ತಂದು ಪರಾಗವನ್ನು ಸವರಬೇಕು. ರೈತರು ಇದನ್ನು ಕ್ರಾಸಿಂಗ್ ಎನ್ನುತ್ತಾರೆ. ಗಿಡಗಿಡಕ್ಕೂ, ಮೊಗ್ಗುಮೊಗ್ಗಿಗೂ, ತಿಂಗಳುಗಟ್ಟಲೆ ಈ ಕೆಲಸ ಸಾಗುತ್ತದೆ. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಬಳಿಕ ರೈತರು ವರ್ಷವರ್ಷವೂ ಬೀಜ ಕೊಳ್ಳಬೇಕಾಯಿತು. ಈ ಕೈಕೆಲಸವೂ ಹೆಚ್ಚಿತು.

ಕೆಲಸಕ್ಕೆ ಬಂದವರು ಬಹುಪಾಲು ಹೆಣ್ಣುಮಕ್ಕಳು. ಎಳೆಯ ಬೆರಳುಗಳು ಮೊಗ್ಗಿಗೆ ಹೊಂದುತ್ತವೆ ಎಂಬ ಮಾತು ಕೇವಲ ನೆಪ. ದೊಡ್ಡವರ ಕೂಲಿಗಿಂತ ಮಕ್ಕಳ ಕೂಲಿ ಕಡಿಮೆ, ಮಕ್ಕಳು ಎದುರು ಮಾತನಾಡುವುದಿಲ್ಲ, ಹೆತ್ತವರಿಗೆ ಮುಂಗಡ ಕೊಟ್ಟರೆ ಹಂಗಾಮು ಮುಗಿಯುವವರೆಗೆ ಮಗು ಹೊಲಕ್ಕೆ ಕಟ್ಟುಬಿದ್ದಂತೆ. ಕೀಟನಾಶಕ ಸಿಂಪಡಿಸಿದ ಅದೇ ಸಾಲುಗಳ ನಡುವೆ ಆ ಮಕ್ಕಳು ದಿನವಿಡೀ ನಿಲ್ಲುತ್ತಿದ್ದರು.

ಸಂಶೋಧಕ ದಾವುಲೂರಿ ವೆಂಕಟೇಶ್ವರಲು ಅವರ 2003ರ ವರದಿಯು ಈ ಹೊಲಗಳ ನಂಟು ಯೂನಿಲಿವರ್, ಮಾನ್ಸಾಂಟೊ, ಸಿಂಜೆಂಟಾ, ಬಾಯರ್ ಮೊದಲಾದ ಬಹುರಾಷ್ಟ್ರೀಯ ಕಂಪನಿಗಳ ಬೀಜ ವ್ಯವಹಾರದವರೆಗೂ ಇರುವುದನ್ನು ತೋರಿಸಿತು. ಕಂಪನಿ, ಅದರ ಕೆಳಗೆ ಆರ್ಗನೈಸರ್, ಅವನ ಕೆಳಗೆ ರೈತ, ರೈತನ ಹೊಲದಲ್ಲಿ ಮಗು: ಇದು ಆ ಸರಪಳಿ. ಮಗುವನ್ನು ಕೆಲಸಕ್ಕಿಟ್ಟವನು ರೈತ, ತಮಗೆ ಸಂಬಂಧವಿಲ್ಲ ಎಂಬುದು ಇಂತಹ ಸರಪಳಿಯ ಮೇಲ್ತುದಿಯಲ್ಲಿ ಕುಳಿತವರ ವಾದ. ಆದರೆ ಮೂಲಬೀಜ ಕೊಡುವುದು ಕಂಪನಿ, ಖರೀದಿ ಬೆಲೆ ನಿಗದಿ ಮಾಡುವುದು ಕಂಪನಿ, ತಳಿ ಶುದ್ಧವಾಗಿದೆಯೇ ಎಂದು ಹೊಲಕ್ಕೆ ಬಂದು ಪರೀಕ್ಷಿಸುವುದೂ ಕಂಪನಿಯ ಸಿಬ್ಬಂದಿಯೇ. ಸಾಲಿನಲ್ಲಿ ಬೆರೆತ ಒಂದು ಬೇರೆ ಗಿಡವನ್ನು ಗುರುತಿಸಬಲ್ಲ ಕಣ್ಣಿಗೆ ಅದೇ ಸಾಲಿನಲ್ಲಿ ನಿಂತ ಮಗು ಕಾಣಲಿಲ್ಲವೆಂದರೆ ನಂಬುವುದು ಕಷ್ಟ.

ಟೀಕೆ ಬಲವಾದಾಗ ಕೆಲವು ಕಂಪನಿಗಳು ಹೊಲಗಳ ತಪಾಸಣೆ ಆರಂಭಿಸಿದವು. ಮಕ್ಕಳನ್ನು ದುಡಿಸದ ರೈತನಿಗೆ ತುಸು ಹೆಚ್ಚು ಬೆಲೆ ಕೊಟ್ಟವು. ಆ ಹೊಲಗಳಲ್ಲಿ ಮಕ್ಕಳ ಸಂಖ್ಯೆ ಇಳಿಯಿತು. ಮನಸ್ಸಿದ್ದರೆ ಆಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ತಪಾಸಣೆಗೆ ಒಳಪಡದ ಕಂಪನಿಗಳ ಹೊಲಗಳು ಹಾಗೆಯೇ ಉಳಿದವು. ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳನ್ನು ಕುರಿತ 2015ರ ವರದಿಯೊಂದು, ಹತ್ತಿ ಬೀಜದ ಕೆಲಸದಲ್ಲಿ 14 ವರ್ಷದೊಳಗಿನ ಮಕ್ಕಳೇ ಸುಮಾರು 2 ಲಕ್ಷ ಇದ್ದರೆಂದು ಅಂದಾಜಿಸಿತು.

ಕಾನೂನು ಇಲ್ಲವೆಂದಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ವರ್ಷದೊಳಗಿನವರನ್ನು ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳುವುದು ನಿಷಿದ್ಧವಾಯಿತು. 14ರಿಂದ 18ರವರೆಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮನೆಯವರಿಗೆ ನೆರವಾಗುವುದಕ್ಕೆ ವಿನಾಯಿತಿಯಿದೆ. ರಜೆಯಲ್ಲಿ ಅಪ್ಪನ ಜೊತೆ ಕಡಲೇಕಾಯಿ ಬಿಡಿಸುವ ಹುಡುಗನೂ, ಮುಂಗಡಕ್ಕೆ ಒತ್ತೆಯಾಗಿ ಶಾಲೆ ಬಿಟ್ಟ ಹುಡುಗಿಯೂ ಒಂದೇ ಅಲ್ಲ. ಆದರೆ ಅದೇ ವಿನಾಯಿತಿಯ ಮರೆಯಲ್ಲಿ ಕಂಪನಿಯ ಬೀಜವನ್ನು ಮನೆಯ ಮಕ್ಕಳಿಂದಲೇ ಬೆಳೆಸಿದರೆ ಹಿಡಿಯುವವರಾರು? ದಂಡದ ಕೈ ಮೊದಲು ತಲುಪುವುದು ಸಾಲದಲ್ಲಿರುವ ರೈತನನ್ನು.

ಬೆಲೆಯ ಪ್ರಶ್ನೆ ಇಲ್ಲಿಯೇ ಏಳುತ್ತದೆ. 2015ರ ಆದೇಶದ ಮೂಲಕ ಕೇಂದ್ರ ಸರ್ಕಾರವು ಬಿಟಿ ಹತ್ತಿ ಬೀಜದ ಗರಿಷ್ಠ ಮಾರಾಟ ಬೆಲೆಯನ್ನು ತನ್ನ ಹಿಡಿತಕ್ಕೆ ತಂದಿತು; 2016ರಲ್ಲಿ 450 ಗ್ರಾಂ ಪೊಟ್ಟಣಕ್ಕೆ 800 ರೂಪಾಯಿ ಮಿತಿ ಹಾಕಿತು. ಕೊಳ್ಳುವ ರೈತನಿಗೆ ಅದು ನ್ಯಾಯ. ಬೀಜ ಬೆಳೆದುಕೊಡುವ ರೈತನಿಗೂ, ದೊಡ್ಡವರಿಗೆ ನ್ಯಾಯವಾದ ಕೂಲಿ ಕೊಡಲು ಸಾಕಾಗುವ ಕನಿಷ್ಠ ಬೆಲೆ ಬೇಡವೇ?

ಬೆಳೆಗಾರರು ಒಂದಾದರೆ ಏನಾಗಬಹುದೆಂಬುದಕ್ಕೆ ಕೋಕೋದಲ್ಲೇ ಉದಾಹರಣೆಯಿದೆ. ಖಾಸಗಿ ಕಂಪನಿಯ ಉತ್ತೇಜನದಿಂದ ಕರಾವಳಿಯ ಅಡಿಕೆ ತೋಟಗಳಿಗೆ ಬಂದ ಕೋಕೋವನ್ನು, ಬೆಲೆ ಕುಸಿದಾಗ ಕೇಳುವವರಿರಲಿಲ್ಲ. 1973ರಲ್ಲಿ ಹುಟ್ಟಿದ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು.

ನಿಡುಗಲ್ ಸೀಮೆಯದು ಮಳೆ ನಂಬಿದ ಬದುಕು. ಮಳೆ ಕೈಕೊಟ್ಟ ವರ್ಷ ಮುಂಗಡದ ಹಣ ಹಿಡಿದು ಬರುವವನು ದೇವರಂತೆ ಕಾಣುತ್ತಾನೆ. ಯಾವುದೇ ಕಂಪನಿಯ ಬೀಜ ಬೆಳೆಯಲು ಒಪ್ಪುವ ಮುನ್ನ ಊರು ಮೂರು ಪ್ರಶ್ನೆ ಕೇಳಲಿ: ಬೆಲೆ ಬರವಣಿಗೆಯಲ್ಲಿದೆಯೇ? ಆ ಬೆಲೆಯಲ್ಲಿ ದೊಡ್ಡವರ ಕೂಲಿ ಗಿಟ್ಟುವುದೇ? ತೊಂದರೆಯಾದರೆ ಕಂಪನಿಯ ಹೊಣೆಯೇನು? ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದೇ ಹಂಗಾಮಿಗೆ ಹಲವು ಹೆಸರುಗಳು ಕಾಣೆಯಾದರೆ ಆ ಮಾತು ಗ್ರಾಮಸಭೆಗೆ ಬರಲಿ, ಮಕ್ಕಳ ಗ್ರಾಮಸಭೆಯಲ್ಲಿ ವಿದ್ಯಾರ್ಥಿಗಳೇ ಎತ್ತಲಿ. 1098 ಮಕ್ಕಳ ಸಹಾಯವಾಣಿಯ ಸಂಖ್ಯೆ ಪ್ರತಿ ಶಾಲೆಯ ಗೋಡೆಯ ಮೇಲಿರಲಿ.

ಊರಿನ ಮಗುವೊಂದು ತರಗತಿಯಿಂದ ಕಾಣೆಯಾದರೆ ಕಂಪನಿಯ ಲೆಕ್ಕದಲ್ಲಿ ಅದು ಎಲ್ಲಿಯೂ ದಾಖಲಾಗುವುದಿಲ್ಲ. ಆ ಲೆಕ್ಕವನ್ನು ಇಡಬೇಕಾದದ್ದು ಊರೇ.