ಹುಣಸೆಮರ ಬಿಟ್ಟುಕೊಟ್ಟ ಊರು

ಲಾಲ್‌ಬಾಗಿನ ಬಂಡೆ ಹತ್ತಿ, ಕೆಂಪೇಗೌಡ ಗೋಪುರದ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳದ ಬೆಂಗಳೂರಿನ ಹುಡುಗ ಹುಡುಗಿಯರು ಕಡಿಮೆ. ಕಾಲಡಿಯ ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ. ಭೂಮಿಯ ಮೇಲೆ ಮರ ಹುಟ್ಟಿರಲಿಲ್ಲ, ನೀರಿನಲ್ಲಿ ಮೀನೂ ಇರಲಿಲ್ಲ, ಅಷ್ಟು ಹಿಂದಿನದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಫಲಕವೂ ಇದೆ. ಅದಕ್ಕೆ ಬೆನ್ನು ಹಾಕಿ ಫೋಟೊ ತೆಗೆಸಿಕೊಂಡು, ಕಡಲೆಕಾಯಿ ಪೊಟ್ಟಣ ಅಲ್ಲೇ ಬಿಸಾಕಿ ಇಳಿಯುತ್ತೇವೆ. ನಿಮ್ಮ ವಯಸ್ಸಿನಲ್ಲಿ ನಾನೂ ಹಾಗೇ ಇಳಿದವನು; ಬೈಯುವ ಹಕ್ಕು ನನಗಿಲ್ಲ.

ಫಲಕ ಏನನ್ನೂ ಕಾಯುವುದಿಲ್ಲ, ಕಾಯುವವರು ಬೇರೆಯೇ ಇರುತ್ತಾರೆ ಅನ್ನುವುದು ನನ್ನ ತಲೆಗೆ ಹೋದದ್ದು ಕೊಕ್ಕರೆ ಬೆಳ್ಳೂರಿನಲ್ಲಿ. ಮದ್ದೂರು ತಾಲೂಕಿನ ಈ ಊರಿನ ಹಕ್ಕಿಗಳಿಗೆ ಕಾಡಿಲ್ಲ, ಬೇಲಿಯಿಲ್ಲ. ಮನೆಯ ಹಿತ್ತಲು, ಬೀದಿಯ ಬದಿಯ ಮರಗಳೇ ಅವುಗಳ ಬಾಣಂತಿ ಕೋಣೆ. ಚಳಿಗಾಲದಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದಿಳಿದು ಗೂಡು ಕಟ್ಟಲು ಶುರು ಮಾಡುತ್ತವೆ. ತವರಿಗೆ ಹೆರಿಗೆಗೆ ಬಂದ ಹೆಣ್ಣುಮಕ್ಕಳು ಅಂತಾರೆ ಊರಿನವರು. ಹಿಂದೊಮ್ಮೆ ಪ್ಲೇಗ್ ಬಂದು ಊರೇ ಜಾಗ ಬದಲಿಸಿದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ.

ಕೇಳಲು ಚೆಂದ. ಆದರೆ ಲೆಕ್ಕ ಹಾಕಿ ನೋಡಿ. ಹುಣಸೆ ಬಡಿಯುವ ಕಾಲವೂ ಮರಿಗಳು ಗೂಡಿನಲ್ಲಿರುವ ಕಾಲವೂ ಒಂದೇ. ಕೋಲೆತ್ತಿದರೆ ಮರಿ ಕೆಳಗೆ. ಕೋಲು ಇಳಿಸಿದರೆ ವರ್ಷದ ಹುಣಸೆ ಹೋಯಿತು. ಆ ಜನ ಕೋಲು ಇಳಿಸಿದರು. ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುತ್ತ ಬಂದದ್ದು ಆಮೇಲಿನ ಮಾತು. ಹಕ್ಕಿಗಳೂ ಪುಕ್ಕಟೆ ಇರುವುದಿಲ್ಲವೆನ್ನಿ: ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾಗಿ ‘ಸಮುದಾಯ ಮೀಸಲು’ ಎಂಬ ಹೊಸ ಬಗೆ ಸೇರಿತು. 2007ರಲ್ಲಿ ಕೊಕ್ಕರೆ ಬೆಳ್ಳೂರಿಗೆ ಆ ಹೆಸರು ಸಿಕ್ಕಿತು. ಜನ ಎಷ್ಟೋ ಕಾಲದಿಂದ ಮಾಡುತ್ತಿದ್ದ ಕೆಲಸಕ್ಕೆ ಸರ್ಕಾರ ಕೊನೆಗೆ ರುಜು ಹಾಕಿತು, ಅಷ್ಟೆ.

ಈಗ ನಿಮ್ಮ ಪಾಲಿನ ಮಾತು. ಹೆಜ್ಜಾರ್ಲೆ ಮರಿ ನೋಡಲು ಸುಂದರವೇನಲ್ಲ. ಮೈಗೆ ಮೀರಿದ ಕೊಕ್ಕು, ಜೋಲುವ ಗಂಟಲ ಚೀಲ. ತಾಯಿಯ ಚೀಲದೊಳಗೆ ತಲೆ ತೂರಿಸಿ ಮೀನು ಕಸಿಯುವಾಗ ಜಗಳವಾಡುತ್ತಿದೆಯೋ ಉಣ್ಣುತ್ತಿದೆಯೋ ತಿಳಿಯದು. ನೂಕಾಟದಲ್ಲೋ ಗಾಳಿಗೋ ಕೆಲವು ಕೆಳಗೆ ಬೀಳುತ್ತವೆ. ಬಿದ್ದ ಮರಿಯನ್ನು ತಾಯಿ ನೆಲಕ್ಕಿಳಿದು ಸಾಕುವುದಿಲ್ಲ. ನಾಯಿಗೆ ಅದು ಸುಲಭದ ತುತ್ತು. ಅಂಥ ಮರಿಗಳನ್ನು ಎತ್ತಿ ತಂದು, ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಟ್ಟವರು ಯಾರು ಗೊತ್ತೇ? ಅದೇ ಊರಿನ ಹುಡುಗರು. ‘ಹೆಜ್ಜಾರ್ಲೆ ಬಳಗ’ ಅಂತ ಹೆಸರಿಟ್ಟುಕೊಂಡರು. ಡಿಗ್ರಿ ಕೇಳಿ ಯಾರೂ ಅವರನ್ನು ಕೆಲಸಕ್ಕೆ ಕರೆದಿರಲಿಲ್ಲ.

ಎಲ್ಲರೂ ಬೆಳ್ಳೂರಿಗೆ ಓಡಿ ಅನ್ನುತ್ತಿಲ್ಲ. ಓಡಿದರೆ ಹಕ್ಕಿಗಳೇ ಊರು ಬಿಟ್ಟಾವು. ನಿಮ್ಮೂರಿನಲ್ಲಿ ಒಂದು ಕೆರೆ ಇರಬೇಕು, ಗೋಣಿಮರ ಇರಬೇಕು, ಬಂಡೆ ಇರಬೇಕು. ಒಂದನ್ನು ಹಿಡಿಯಿರಿ. ಎರಡು ರೂಲಿನ ನೋಟ್‌ಬುಕ್ ಸಾಕು. ಯಾವ ಹಕ್ಕಿ ಯಾವ ತಿಂಗಳು ಬಂತು, ಎಷ್ಟು ಗೂಡು, ಯಾರು ಕೊಂಬೆ ಕಡಿದರು, ತೂಬಿನ ಬಳಿ ಮಣ್ಣು ಸುರಿದ ಟ್ರ್ಯಾಕ್ಟರ್ ಯಾವುದು, ಬರೆಯಿರಿ. ಮೂರು ವರ್ಷ ಬಿಡದೆ ಬರೆದ ನೋಟ್‌ಬುಕ್ಕನ್ನು ಗ್ರಾಮಸಭೆಯ ಮೇಜಿನ ಮೇಲೆ ಇಟ್ಟು ನೋಡಿ, ಆಮೇಲೆ ಯಾರು ನಿಮ್ಮನ್ನು ‘ಚಿಕ್ಕ ಹುಡುಗರು, ಸುಮ್ನಿರ್ರಪ್ಪ’ ಅಂತಾರೋ ನೋಡೋಣ.

ಪರೀಕ್ಷೆ ಮುಗಿಸಿ ಬೆಳ್ಳೂರಿಗೇ ಹೋಗುವ ಮನಸ್ಸಾದರೆ ಹೋಗಿ, ಇಬ್ಬರೋ ಮೂವರೋ. ಡ್ರೋನ್ ಬೇಡ, ಸ್ಪೀಕರ್ ಬೇಡ. ತಲೆಗೊಂದು ಟವೆಲ್ ಮಾತ್ರ ಇರಲಿ. ಹುಣಸೆಮರದ ಕೆಳಗೆ ಬಾಯಿ ತೆರೆದು ನಿಂತವರನ್ನು ಹೆಜ್ಜಾರ್ಲೆ ಸುಮ್ಮನೆ ಕಳಿಸುವುದಿಲ್ಲ.