ನಿಮ್ಮ ಕಾಂಟ್ಯಾಕ್ಟ್ ಲಿಸ್ಟೇ ಅಡಮಾನ



ಕೊಂಡಪಲ್ಲಿ ಅಂದ್ರೆ ನಮಗೆ ಮರದ ಗೊಂಬೆ ನೆನಪಾಗುತ್ತೆ. ಇವತ್ತು ಮಾತು ಇಲ್ಲಿನ ಸಾಲದ ಬಗ್ಗೆ. 2006ರಲ್ಲಿ ಈ ಊರು ಕೃಷ್ಣಾ ಜಿಲ್ಲೆಯಲ್ಲಿತ್ತು. ಆ ವರ್ಷ ಜಿಲ್ಲಾಡಳಿತ ಕಿರುಸಾಲ ಕಂಪನಿಗಳ ಸುಮಾರು 50 ಶಾಖೆಗಳನ್ನು ಮುಚ್ಚಿಸಿತು. ದುಬಾರಿ ಬಡ್ಡಿ, ಬಲವಂತದ ವಸೂಲಿ ಅನ್ನೋದು ದೂರು.

ಕಿರುಸಾಲಕ್ಕೆ ಚಿನ್ನ, ಜಮೀನು ಅಡ ಇಡಬೇಕಿಲ್ಲ, ಗುಂಪೇ ಜಾಮೀನು. ಒಬ್ಬರು ಕಂತು ತಪ್ಪಿಸಿದ್ರೆ ಉಳಿದವರು ಕಟ್ಟಬೇಕು. ಬ್ಯಾಂಕಿಗೆ ಕಾಣದ್ದು ನೆರೆಯವರಿಗೆ ಕಾಣುತ್ತೆ, ಅವರೇ ಒಬ್ಬರ ಮೇಲೊಬ್ಬರು ಕಣ್ಣಿಡ್ತಾರೆ ಅಂತ 1990ರಲ್ಲಿ ಅರ್ಥಶಾಸ್ತ್ರಜ್ಞ ಜೋಸೆಫ್ ಸ್ಟಿಗ್ಲಿಟ್ಜ್ ಇದರ ಲಾಭ ವಿವರಿಸಿದ್ರು. ನಿಜ. ಆದರೆ ಅದೇ ಕಣ್ಣು ಕಾಟವೂ ಆಗಬಹುದು. ಆಗ ಸಾಲ ಕಂಪನಿಯದ್ದು, ಬೈಗುಳ ಪಕ್ಕದ ಮನೆಯವರದ್ದು.

ಈಗ ನಮ್ಮ ಫೋನ್ ನೋಡಿ. ಅಕ್ರಮ ಸಾಲದ ಆ್ಯಪ್ ಕಾಂಟ್ಯಾಕ್ಟ್ಸ್ ಪರ್ಮಿಷನ್ ಕೇಳುತ್ತೆ. ಅದೇ ಅಡ. ಕಂತು ತಪ್ಪಿದ್ರೆ ಮ್ಯಾನೇಜರ್‌ಗೆ, ಅತ್ತೆ ಮಾವನಿಗೆ, ರೂಮ್‌ಮೇಟ್‌ಗೆ ಮೆಸೇಜ್ ಹೋಗುತ್ತೆ.

ಕಾನೂನು ಇಲ್ಲವೇ? ಇದೆ. ಆಂಧ್ರ 2010ರಲ್ಲೇ ಕಿರುಸಾಲಕ್ಕೆ ಸುಗ್ರೀವಾಜ್ಞೆ ತಂತು. ಕರ್ನಾಟಕ 2025ರ ಫೆಬ್ರವರಿಯಲ್ಲಿ ತಂದದ್ದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ಗ್ಯಾರಿ ಬೆಕರ್ 1968ರಲ್ಲೇ ತೋರಿಸಿದ ಲೆಕ್ಕ ಒಂದಿದೆ: ಶಿಕ್ಷೆ ಎಷ್ಟು ಅನ್ನೋದರ ಜೊತೆಗೆ ಸಿಕ್ಕಿಬೀಳೋ ಸಂಭವ ಎಷ್ಟು ಅನ್ನೋದೂ ಮುಖ್ಯ. ನಾವು ಮರ್ಯಾದೆಗೆ ಅಂಜಿ ದೂರು ಕೊಡದಿದ್ರೆ ಆ ಸಂಭವವೇ ಕುಸಿಯುತ್ತೆ.

ಅದಕ್ಕೇ, ಸಿಕ್ಕಿಹಾಕಿಕೊಂಡಿದ್ರೆ ನಿಮ್ಮವರಿಗೆ ನೀವೇ ಮೊದಲು ಹೇಳಿಬಿಡಿ. ಆಮೇಲೆ ಆ ಅಡಕ್ಕೆ ಬೆಲೆ ಇಲ್ಲ. ಬೇರೆಯವರ ಬಗ್ಗೆ ಅಂಥ ಮೆಸೇಜ್ ನಿಮಗೆ ಬಂದ್ರೆ ಫಾರ್ವರ್ಡ್ ಮಾಡಬೇಡಿ. ಅವರಿಗೊಂದು ಫೋನ್ ಮಾಡಿ, ಜೊತೆಗಿದ್ದು 1930ಕ್ಕೆ ದೂರು ಕೊಡಿಸಿ.